ಹತ್ತು ಜನಕ್ಕೊಂದು ವಯಲ್

ಲಸಿಕೆ ಮೊದಲು ಯಾರಿಗೆ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿಯೇ ಇತ್ತು. 2021ರ ಜನವರಿ 16ರಿಂದ ಆಸ್ಪತ್ರೆ ಸಿಬ್ಬಂದಿ, ಫೆಬ್ರವರಿಯಲ್ಲಿ ಪೊಲೀಸರು ಮತ್ತು ಪೌರಕಾರ್ಮಿಕರು, ಮಾರ್ಚ್ 1ರಿಂದ 60 ದಾಟಿದವರು ಮತ್ತು 45 ದಾಟಿ ಬೇರೆ ಕಾಯಿಲೆ ಇದ್ದವರು, ಏಪ್ರಿಲ್ 1ರಿಂದ 45 ತುಂಬಿದ ಎಲ್ಲರೂ, ಮೇ 1ರಿಂದ 18 ತುಂಬಿದವರೆಲ್ಲ. ಆಗ ಶಾಲೆ ಮುಚ್ಚಿತ್ತು, ಮೇಷ್ಟ್ರುಗಳಿಗೆ ಕೋವಿಡ್ ಡ್ಯೂಟಿ ಬಿತ್ತು. ನನ್ನ ಪಾಲಿಗೆ ಬಂದದ್ದು ಚಿಕ್ಕಬಳ್ಳಾಪುರ ಕಡೆಯ ಒಂದು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ. ಟೋಕನ್ ಕೊಡಬೇಕು, ಆಧಾರ್ ನೋಡಿ ಕೋವಿನ್‌ನಲ್ಲಿ ಹೆಸರು ಏರಿಸಬೇಕು, ಸೂಜಿ ಹಾಕಿಸಿಕೊಂಡವರನ್ನು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಬೇಕು.

ಮಾರ್ಚ್‌ನಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕರೆದರೂ ಜನ ಬರುತ್ತಿರಲಿಲ್ಲ. ಜ್ವರ ಬರುತ್ತೆ, ಕೈ ಎತ್ತೋಕಾಗಲ್ಲ, ರಾಗಿ ಕಣದ ಕೆಲಸ ಇದೆ ಅನ್ನುತ್ತಿದ್ದರು. ಏಪ್ರಿಲ್ ಕೊನೆಗೆ ಬೆಂಗಳೂರೊಂದರಲ್ಲೇ ದಿನಕ್ಕೆ 20 ಸಾವಿರ ಮೀರಿ ಸೋಂಕು ಕಂಡಾಗ ಲೆಕ್ಕವೇ ತಲೆಕೆಳಗಾಯಿತು. ಬೆಳಗಿನ ಜಾವವೇ ಕಾಂಪೌಂಡಿನಾಚೆ ಚಪ್ಪಲಿ ಸಾಲು. ಅದರ ಪಕ್ಕದಲ್ಲಿ ಬೆಂಗಳೂರಿನ ಕಾರುಗಳು. ನಗರದಲ್ಲಿ ಸ್ಲಾಟ್ ಸಿಗದವರು ಮೊಬೈಲಿನಲ್ಲಿ ನಮ್ಮ ಪಿನ್‌ಕೋಡ್ ಹಾಕಿ ಬುಕ್ ಮಾಡಿ, ವಯಸ್ಸಾದ ತಂದೆತಾಯಿಯನ್ನು ಕೂರಿಸಿಕೊಂಡು ಬರುತ್ತಿದ್ದರು. ಅವರ ಕೈಯಲ್ಲಿ ಹೊತ್ತು ಗೊತ್ತು ಮಾಡಿದ ಮೆಸೇಜು; ನಮ್ಮೂರ ಅಜ್ಜಂದಿರ ಕೈಯಲ್ಲಿ ಮಡಚಿ ಮಡಚಿ ಸವೆದ ಆಧಾರ್ ಜೆರಾಕ್ಸು.

“ಅಲ್ಲ ಮೇಷ್ಟ್ರೇ, ನಮ್ಮೂರ ಆಸ್ಪತ್ರೆ ಸೂಜಿ ಬೆಂಗ್ಳೂರೋರ್ಗಾ?” ಎಂದು ಒಬ್ಬರು ಕೇಳಿದರು. ಕಾರಿನಲ್ಲಿ ಬಂದವರನ್ನು ಬೈಯುವ ಮನಸ್ಸು ನನಗೆ ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ. ಹಾಸಿಗೆ ಸಿಗದೆ ಜನ ಸಾಯುತ್ತಿದ್ದ ಊರಿನಿಂದ ಬಂದವರು ಅವರು. ಆದರೆ ಪಟ್ಟಿಯಲ್ಲಿ ಒಂದೇ ವಯಸ್ಸು, ಒಂದೇ ಸಾಲು ಎಂದಿದ್ದ ಇಬ್ಬರನ್ನು ಬೇರೆ ಮಾಡಿದ್ದು ಒಂದು ಫೋನು ಮತ್ತು ಒಂದು ಕಾರು. ನೋಂದಣಿಯ ನಿಯಮವೇ ಇಲ್ಲಿ ಸರದಿಯ ನಿಯಮವಾಯಿತು.

ಇಷ್ಟಕ್ಕೂ ಜಗಳ ಬಂದದ್ದು ಮಾಲು ಸಾಲದ್ದರಿಂದ. ದೇಶದ ವಯಸ್ಕರು ಸುಮಾರು 94 ಕೋಟಿ. ತಲೆಗೆ ಎರಡರಂತೆ 188 ಕೋಟಿ ಡೋಸು ಬೇಕು. ಒದಗಿಸುತ್ತಿದ್ದವರು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಮತ್ತು ಹೈದರಾಬಾದಿನ ಭಾರತ್ ಬಯೋಟೆಕ್, ಇಬ್ಬರೇ. ಆಸ್ಟ್ರಾಜೆನೆಕಾ ಲಸಿಕೆಯ 30 ಕೋಟಿ ಡೋಸಿಗೆ ಅಮೆರಿಕ 2020ರ ಮೇ ತಿಂಗಳಲ್ಲೇ ಒಪ್ಪಂದ ಮಾಡಿಕೊಂಡಿತ್ತು, ಪರೀಕ್ಷೆ ಮುಗಿಯುವ ಎಷ್ಟೋ ಮೊದಲೇ. ಅದೇ ಲಸಿಕೆ ನಮ್ಮಲ್ಲಿ ಕೋವಿಶೀಲ್ಡ್. ಅದಕ್ಕೆ ನಮ್ಮ ಕೇಂದ್ರ ಸರ್ಕಾರದ ಮೊದಲ ಆರ್ಡರ್ ಹೋದದ್ದು 2021ರ ಜನವರಿಯಲ್ಲಿ, 1.1 ಕೋಟಿ ಡೋಸಿಗೆ. ಮುಂಗಡ ಇಲ್ಲದೆ ಯಾವ ಕಾರ್ಖಾನೆಯೂ ಹೊಸ ಲೈನ್ ಹಾಕುವುದಿಲ್ಲ.

ಹೊರದೇಶಕ್ಕೆ ಕಳಿಸಿದ್ದೇ ತಪ್ಪು ಎಂದು ಆಗ ಟಿ.ವಿ.ಯಲ್ಲಿ ದಿನವೂ ಗಲಾಟೆ. ರಫ್ತು ನಿಲ್ಲುವ ಹೊತ್ತಿಗೆ ಕಳಿಸಿದ್ದು 6 ಕೋಟಿ ಮೀರಿದ ಡೋಸು, ದಾನ ಮತ್ತು ಮಾರಾಟ ಎರಡೂ ಸೇರಿ. ಅಷ್ಟೂ ಇಲ್ಲೇ ಉಳಿದಿದ್ದರೆ ಸುಮಾರು 3 ಕೋಟಿ ಜನಕ್ಕೆ ಎರಡೂ ಡೋಸು ಸಿಗುತ್ತಿತ್ತು. ಅದೇನು ಸಣ್ಣದಲ್ಲ. ಆದರೆ 94 ಕೋಟಿಯ ಮುಂದೆ ಅದನ್ನೇ ಮುಖ್ಯ ಅಪರಾಧ ಮಾಡಿ, ಆರ್ಡರ್ ತಡವಾದದ್ದನ್ನು ಮರೆತದ್ದು ನನಗೆ ಸರಿ ಕಾಣಲಿಲ್ಲ. ಆ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಒಂದು ಲೆಕ್ಕ ಕೊಟ್ಟಿದ್ದರು: ಅನುಕೂಲಸ್ಥ 49 ದೇಶಗಳಲ್ಲಿ 3.9 ಕೋಟಿ ಡೋಸು ಹಾಕಿಯಾಗಿದೆ, ಒಂದು ಕಡುಬಡ ದೇಶದಲ್ಲಿ ಹಾಕಿರುವುದು ಬರೀ 25. ಲಕ್ಷವಲ್ಲ, ಸಾವಿರವಲ್ಲ, ಇಪ್ಪತ್ತೈದು.

ಮೇ 1ರ ನೀತಿಯಲ್ಲಿ ಬೆಲೆಯೂ ಸರದಿ ನಿರ್ಧರಿಸಿತು. ತಯಾರಾದದ್ದರಲ್ಲಿ ಅರ್ಧ ಕೇಂದ್ರಕ್ಕೆ, ಉಳಿದರ್ಧ ರಾಜ್ಯಗಳಿಗೆ ಮತ್ತು ಖಾಸಗಿ ಆಸ್ಪತ್ರೆಗಳಿಗೆ. ಕೋವಿಶೀಲ್ಡ್ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಕ್ಕೆ 300, ಖಾಸಗಿಯವರಿಗೆ 600. 18ರಿಂದ 44ರವರ ಹೊಣೆ ರಾಜ್ಯಗಳ ಹೆಗಲಿಗೆ. ಕರ್ನಾಟಕ 2 ಕೋಟಿ ಡೋಸಿಗೆ ಜಾಗತಿಕ ಟೆಂಡರ್ ಕರೆಯಿತು; ಅದರಿಂದ ಒಂದು ಡೋಸೂ ಬರಲಿಲ್ಲ. ಈ ಏರ್ಪಾಡು ಮೇಲ್ನೋಟಕ್ಕೇ ಮನಬಂದಂತೆ ಮಾಡಿದ್ದು, ಇದಕ್ಕೆ ತರ್ಕವಿಲ್ಲ ಎಂದು ಸುಪ್ರೀಂ ಕೋರ್ಟ್ ಮೇ ಕೊನೆಯ ಆದೇಶದಲ್ಲಿ ಹೇಳಿತು. ಜೂನ್ 7ಕ್ಕೆ ಪ್ರಧಾನಿ ನೀತಿ ಬದಲಿಸಿದರು: ಕೇಂದ್ರವೇ 75 ಭಾಗ ಕೊಂಡು ರಾಜ್ಯಗಳಿಗೆ ಪುಕ್ಕಟೆ ಕೊಡುತ್ತದೆ, 25 ಭಾಗ ಖಾಸಗಿಗೆ. ಆ 25 ಭಾಗವೂ ಪೂರ್ತಿ ಖರ್ಚಾಗಲಿಲ್ಲ ಎಂಬುದು ಆಮೇಲೆ ಸಂಸತ್ತಿನಲ್ಲೇ ಬಂತು. ನಮ್ಮ ಗೇಟಿಗೆ “ಲಸಿಕೆ ಸ್ಟಾಕ್ ಇಲ್ಲ” ಎಂಬ ಬೋರ್ಡು ತಗುಲಿಹಾಕಿದ್ದ ದಿನಗಳಲ್ಲಿ ಹಣ ಕೊಟ್ಟವರಿಗೆ ಮೀಸಲಿಟ್ಟದ್ದು ಬೇರೆಲ್ಲೋ ಉಳಿದಿತ್ತು.

ಆ ಮೇ ತಿಂಗಳ ಎರಡನೇ ವಾರ ನನಗೆ ಚೆನ್ನಾಗಿ ನೆನಪಿದೆ. ಮಾರ್ಚ್‌ನಲ್ಲಿ ಮೊದಲ ಡೋಸು ತೆಗೆದುಕೊಂಡಿದ್ದ ಹಿರಿಯರು ಸೆಕೆಂಡ್ ಡೋಸಿಗೆ ಬಂದು ವಾಪಸು ಹೋಗುತ್ತಿದ್ದರು. ಅದೇ ಹೊತ್ತಿಗೆ ಮೇ 10ರಿಂದ ರಾಜ್ಯ 18 ದಾಟಿದವರಿಗೂ ಕೆಲವು ಆಸ್ಪತ್ರೆಗಳಲ್ಲಿ ಶುರು ಮಾಡಿತ್ತು. ಎರಡನೇ ಡೋಸು ಕೊಡದಿರುವುದು ಬದುಕುವ ಹಕ್ಕಿಗೇ ಧಕ್ಕೆ ಎಂದು ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ತಯಾರೇ ಆಗದಿದ್ದರೆ ನಾವೇನು ನೇಣು ಹಾಕಿಕೊಳ್ಳಬೇಕೇ ಎಂದು ಕೇಂದ್ರ ಸಚಿವ ಡಿ.ವಿ. ಸದಾನಂದಗೌಡರು ಪತ್ರಕರ್ತರನ್ನೇ ಕೇಳಿದರು. ಮೇ 14ರಿಂದ ರಾಜ್ಯ 18–44ರವರದನ್ನು ನಿಲ್ಲಿಸಿ ಇದ್ದದ್ದನ್ನೆಲ್ಲ 45 ದಾಟಿದವರ ಎರಡನೇ ಡೋಸಿಗೆ ತಿರುಗಿಸಿತು.

ನಿಲ್ಲಿಸಿದ್ದು ಸರಿಯೇ. ಸಾಯುವ ಅಪಾಯ ಯಾರಿಗೆ ಹೆಚ್ಚೋ ಅವರಿಗೆ ಮೊದಲು ಎಂಬ ವಾದಕ್ಕೆ ನಾನು ಒಪ್ಪುವವನು. ಸಿಟ್ಟು ಬಂದದ್ದು, ಮಾಲಿಲ್ಲದೆ ಮೇ 1ರ ತಾರೀಕು ಘೋಷಿಸಿ ಹುಡುಗರಲ್ಲಿ ಆಸೆ ಹುಟ್ಟಿಸಿದ್ದಕ್ಕೆ. ಹುಡುಗರ ವಾದವೂ ಪೊಳ್ಳಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಗಾರ್ಮೆಂಟ್ಸಿಗೆ ಹೋಗುವವನು, ಗೇಟಿನಲ್ಲೇ ನಿಂತು ಕೇಳಿದ: “ಸಾರ್, ಬಸ್ಸಲ್ಲಿ ಹೋಗಿ ಬರೋನು ನಾನು. ಮನೆಗೆ ತರೋನೂ ನಾನೇ ಅಲ್ವಾ?” ಇಂಡೋನೇಷ್ಯಾ ಇದೇ ದಾರಿ ಹಿಡಿದಿತ್ತು. 2021ರ ಜನವರಿಯಲ್ಲಿ ಅಲ್ಲಿ ವೃದ್ಧರಿಗಿಂತ ಮೊದಲು 18ರಿಂದ 59ರ ದುಡಿಯುವವರಿಗೆ ಹಾಕಲು ಹೊರಟರು. ಓಡಾಡುವವರನ್ನು ತಡೆದರೆ ರೋಗ ಮನೆ ಮುಟ್ಟುವುದಿಲ್ಲ ಎಂಬುದು ಒಂದು ಕಾರಣ. ಅವರು ತರಿಸಿದ್ದ ಚೀನಾದ ಲಸಿಕೆಯನ್ನು ವಯಸ್ಸಾದವರ ಮೇಲೆ ಅಲ್ಲಿ ಪರೀಕ್ಷಿಸಿರಲಿಲ್ಲ ಎಂಬುದು ಇನ್ನೊಂದು. ಲಸಿಕೆ ಸಾವನ್ನು ಎಷ್ಟು ತಡೆಯುತ್ತದೆ, ಹರಡುವುದನ್ನು ಎಷ್ಟು ತಡೆಯುತ್ತದೆ ಎಂಬುದರ ಮೇಲೆ ನಿಂತ ಪ್ರಶ್ನೆ ಇದು. ಸಾವನ್ನು ತಡೆಯುವುದು ಮೊದಲೇ ಖಚಿತವಾಗಿತ್ತು, ಆದ್ದರಿಂದ ಬಹುತೇಕ ದೇಶಗಳು ಹಿರಿಯರನ್ನು ಮುಂದಿಟ್ಟವು.

ಅದೇ ವಾರ, ಮೇ 13ಕ್ಕೆ, ಕೋವಿಶೀಲ್ಡ್‌ನ ಎರಡು ಡೋಸಿನ ಅಂತರ 6–8 ವಾರದಿಂದ 12–16 ವಾರಕ್ಕೆ ಏರಿತು. ಬೆಳಿಗ್ಗೆ “ನಾಳೆ ಬನ್ನಿ ಅಜ್ಜಿ” ಎಂದು ಕಳಿಸಿದವರಿಗೇ ಮಾರನೆಯ ದಿನ “ಇನ್ನೂ ತಿಂಗಳು ಬಿಟ್ಟು ಬನ್ನಿ” ಅನ್ನಬೇಕಾಯಿತು. ಸ್ಟಾಕಿಲ್ಲದ್ದಕ್ಕೆ ಹೂಡಿದ ಆಟ ಎಂದು ಊರೆಲ್ಲ ಮಾತು. ಅಂತರ ಹೆಚ್ಚಿದರೆ ಈ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರ ಇತ್ತು, ಸುಳ್ಳಲ್ಲ. ಬ್ರಿಟನ್ ಅಂತರವನ್ನು 12 ವಾರಕ್ಕೆ ಏರಿಸಿದಾಗ, ಇರುವುದರಲ್ಲಿ ಹೆಚ್ಚು ಜನರಿಗೆ ಮೊದಲ ಡೋಸು ಮುಟ್ಟಲಿ ಎಂಬುದೇ ಉದ್ದೇಶ ಎಂದು ಮುಚ್ಚುಮರೆಯಿಲ್ಲದೆ ಹೇಳಿತ್ತು. ವಿಚಿತ್ರವೆಂದರೆ ನಾವು ಅಂತರ ಹಿಗ್ಗಿಸಿದ ಮರುದಿನವೇ ಬ್ರಿಟನ್ 50 ದಾಟಿದವರಿಗೆ ಅದನ್ನು 8 ವಾರಕ್ಕೆ ಇಳಿಸಿತು. ಕಾರಣ, ಭಾರತದಲ್ಲಿ ಮೊದಲು ಕಂಡ ರೂಪಾಂತರಿ ಅಲ್ಲಿ ಹಬ್ಬತೊಡಗಿತ್ತು. ನಮ್ಮಲ್ಲೂ ಎರಡೂ ಕಾರಣ ಬಿಚ್ಚಿ ಹೇಳಿದ್ದರೆ ಜನ ತಾಳುತ್ತಿದ್ದರು. ಅಭಾವ ನಮ್ಮ ಕಡೆಯವರಿಗೆ ಹೊಸದೇನಲ್ಲ.

ಇನ್ನು ಬಾಟಲಿಯ ವಿಷಯ. ಕೋವಿಶೀಲ್ಡ್ ವಯಲ್ ಒಂದರಲ್ಲಿ ಹತ್ತು ಡೋಸು. ಒಡೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ನಮ್ಮ ಸಿಸ್ಟರ್ ಹತ್ತು ಜನ ಸೇರದೆ ಮುಟ್ಟುತ್ತಿರಲಿಲ್ಲ. ಸಂಜೆ ಕೊನೆಯ ವಯಲ್‌ನಲ್ಲಿ ಮೂರೋ ನಾಲ್ಕೋ ಉಳಿದರೆ ಯಾರಿಗೆ ಫೋನ್ ಮಾಡುವುದು? ಯಾರ ನಂಬರ್ ಇದೆಯೋ ಅವರಿಗೆ. ಬೇಗ ಬರಬಲ್ಲವರು ಯಾರೋ ಅವರಿಗೆ. ಬೈಕ್ ಇದ್ದವರಿಗೆ. ವೇಸ್ಟ್ ಆಗಬಾರದು ಎಂಬ ಒಳ್ಳೆಯ ನಿಯಮ ಸಂಜೆ ಐದಕ್ಕೆ ಹೀಗೆ ಬೇರೊಂದು ಪಟ್ಟಿ ಬರೆಯುತ್ತಿತ್ತು.

ಈ ಯಾವ ಪಟ್ಟಿಗೂ ಸಿಗದವರು ಹಾಸಿಗೆ ಹಿಡಿದವರು. 60 ದಾಟಿದ್ದರಿಂದ ಮಾರ್ಚ್ 1ಕ್ಕೇ ಅವರ ಸರದಿ ಬಂದಿತ್ತು. ನಮ್ಮ ಪಕ್ಕದ ಹಳ್ಳಿಯಲ್ಲಿ ಲಕ್ವ ಹೊಡೆದು ಮಲಗಿದ್ದ ಅಜ್ಜಿಯ ಮಗ ಎರಡು ಸಲ ಬಂದು ಕೇಳಿ ಹೋಗಿದ್ದ. ಆಟೋದಲ್ಲಿ ಕರೆತರಲು ಆಗದು, ಮನೆಗೆ ಹೋಗಿ ಹಾಕಲು ಅನುಮತಿ ಇಲ್ಲ. ಒಂದು ಡೋಸಿಗಾಗಿ ಒಂಬತ್ತು ಹಾಳಾಗುತ್ತದೆ, ಅಡ್ಡಪರಿಣಾಮವಾದರೆ ನೋಡುವವರು ಯಾರು ಎಂಬುದು ಮೇಲಿನವರ ಆತಂಕ. ಬಾಂಬೆ ಹೈಕೋರ್ಟಿನಲ್ಲಿ ಇದಕ್ಕಾಗಿ ತಿಂಗಳುಗಟ್ಟಲೆ ವಾದ ನಡೆಯಿತು. ಸೆಪ್ಟೆಂಬರ್ 17ಕ್ಕೆ ದೇಶದಲ್ಲಿ ಒಂದೇ ದಿನ ಎರಡೂವರೆ ಕೋಟಿ ಡೋಸು ಹಾಕಿ ದಾಖಲೆಯಾಯಿತು. ಮನೆಗೇ ಹೋಗಿ ಹಾಕಬಹುದು ಎಂದು ಕೇಂದ್ರ ಹೇಳಿದ್ದು ಅದಾದ ಮೇಲೆ, ಸೆಪ್ಟೆಂಬರ್ 23ಕ್ಕೆ.

ಹತ್ತರ ಲೆಕ್ಕವನ್ನು ನಮ್ಮ ಸಿಸ್ಟರ್ ಬಿಡಿಸಿದ್ದು ಸರಳವಾಗಿ. ಆಶಾ ಕಾರ್ಯಕರ್ತೆಯ ಡೈರಿ ತರಿಸಿ, ಆ ಅಜ್ಜಿಯ ಬೀದಿಯಲ್ಲೇ ಇನ್ನೂ ಬಾಕಿ ಉಳಿದ ಒಂಬತ್ತು ಹೆಸರು ಗುರುತು ಹಾಕಿದರು. ಐಸ್‌ಪ್ಯಾಕ್ ಜೋಡಿಸಿದ ಕ್ಯಾರಿಯರ್ ಹಿಡಿದು ಹೊರಟು, ಮೊದಲು ಅಜ್ಜಿಯ ಮನೆಯಲ್ಲೇ ವಯಲ್ ಒಡೆದರು. ಉಳಿದ ಒಂಬತ್ತು ಮಂದಿ ಅದೇ ಜಗಲಿಗೆ ಬಂದು ಹಾಕಿಸಿಕೊಂಡರು. ಅದಕ್ಕೆ ಬೇಕಾದ ಡೈರಿ ಮಾರ್ಚ್‌ನಲ್ಲೂ ನಮ್ಮ ಬಳಿ ಇತ್ತು, ಕ್ಯಾರಿಯರೂ ಇತ್ತು.