ಹಳೆಯ ಜಾವಾದ ಹ್ಯಾಂಡಲ್ ಮತ್ತು ಕೇಬಲ್ ಕಸುಬು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯಿಂದ ಪರವಾನಗಿ ಪಡೆದು 1961ರಿಂದ ಮೋಟಾರ್‌ಸೈಕಲ್‌ಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ರಸ್ತೆಗಿಳಿದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆ ಗಾಡಿಗಳು ಇಂದಿಗೂ ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಓಡುತ್ತಿರುವುದಕ್ಕೆ ಮಾಲೀಕರ ಅಭಿಮಾನ ಎಷ್ಟು ಕಾರಣವೋ, ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳ ಕೈಗುಣವೂ ಅಷ್ಟೇ ಕಾರಣ. ಹಳೆಯ ಗಾಡಿಯೊಂದನ್ನು ಹೊಸದಾಗಿಸುವಾಗ ಹಣವೆಲ್ಲ ಬಣ್ಣಕ್ಕೂ ಕ್ರೋಮಿಗೂ ಹೋಗುತ್ತದೆ, ಮಾತೆಲ್ಲ ಎಂಜಿನ್ನಿನ ಸುತ್ತ ನಡೆಯುತ್ತದೆ. ಆದರೆ ಸವಾರನ ಕೈ ಕ್ಷಣವೂ ಬಿಡದೆ ಹಿಡಿದಿರುವ ಹ್ಯಾಂಡಲ್, ಅದರ ಮೇಲಿನ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳು, ಎಕ್ಸಲರೇಟರ್, ಹಾರ್ನ್ ಮತ್ತು ಡಿಪ್ ಸ್ವಿಚ್‌ಗಳು ಸಾಮಾನ್ಯವಾಗಿ ಕೊನೆಯ ಸರದಿಗೆ ಉಳಿದುಬಿಡುತ್ತವೆ. ಗಾಡಿಯ ಸುರಕ್ಷತೆ ನಿಂತಿರುವುದೇ ಇವುಗಳ ಮೇಲೆ ಆದ್ದರಿಂದ ಈ ಕ್ರಮವನ್ನು ತಿರುಗಿಸುವುದೇ ಸರಿ.

ಹ್ಯಾಂಡಲ್ ಎಂಬುದು ನೋಡಲು ಬಗ್ಗಿಸಿದ ಉಕ್ಕಿನ ಕೊಳವೆ ಮಾತ್ರ. ಹಳೆಯ ಗಾಡಿಗಳಲ್ಲಿ ಅದರ ಹೊರವ್ಯಾಸ ಬಹುಮಟ್ಟಿಗೆ 22 ಮಿಲಿಮೀಟರ್ ಇರುವುದರಿಂದ ಯಾವ ಹ್ಯಾಂಡಲ್ ಆದರೂ ನಡೆಯುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ವ್ಯಾಸ ಹೊಂದಿದರೂ ಅಗಲ, ಎತ್ತರ ಮತ್ತು ಹಿಂದಕ್ಕೆ ಬಾಗಿದ ಪ್ರಮಾಣ ಬೇರೆಯಾದರೆ, ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಲಿವರಿನ ತುದಿ ಪೆಟ್ರೋಲ್ ಟ್ಯಾಂಕಿಗೆ ಬಡಿಯಬಹುದು, ಕೇಬಲ್‌ಗಳು ಉದ್ದ ಸಾಲದೆ ಎಳೆದುಕೊಳ್ಳಬಹುದು. ಬಿದ್ದು ಬಾಗಿದ ಹ್ಯಾಂಡಲನ್ನು ಕಾಯಿಸಿ ನೆಟ್ಟಗೆ ಮಾಡುವ ರೂಢಿ ಅಲ್ಲಲ್ಲಿ ಇದ್ದರೂ, ಒಮ್ಮೆ ಮಡಿಚಿಕೊಂಡ ಕೊಳವೆ ಆ ಜಾಗದಲ್ಲಿ ದುರ್ಬಲಗೊಂಡಿರುತ್ತದೆ ಮತ್ತು ಮೇಲೆ ಬಳಿದ ಕ್ರೋಮ್ ಒಳಗಿನ ಬಿರುಕನ್ನು ಮುಚ್ಚಿಡುತ್ತದೆ. ಅಂಥ ಹ್ಯಾಂಡಲ್ ಎಷ್ಟೇ ಅಸಲಿಯಾಗಿದ್ದರೂ ಅದನ್ನು ಗೋಡೆಗೆ ತೂಗುಹಾಕಬಹುದೇ ಹೊರತು ಗಾಡಿಗೆ ಹಾಕುವಂತಿಲ್ಲ.

ಬಲ್ಲ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಯಾವ ಕೇಬಲ್ ಯಾವ ದಾರಿಯಲ್ಲಿ ಸಾಗಿದೆ, ಯಾವ ವೈರ್ ಎಲ್ಲಿ ಒಳಹೊಕ್ಕಿದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತಾನೆ. ಈಗ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದೂ ಉಂಟು. ಒಣಗಿ ಅಂಟಿಕೊಂಡ ರಬ್ಬರ್ ಗ್ರಿಪ್ಪಿನ ಅಡಿಗೆ ತೆಳುವಾದ ಸ್ಕ್ರೂಡ್ರೈವರ್ ತೂರಿಸಿ, ಸಂದಿಗೆ ಸೋಪಿನ ನೀರು ಬಿಟ್ಟು ತಿರುಚಿದರೆ ಅದು ಹರಿಯದೆ ಹೊರಬರುತ್ತದೆ. ಹಳೆಯ ಜಾವಾಗಳಲ್ಲಿ ಎಕ್ಸಲರೇಟರ್ ಗ್ರಿಪ್ಪನ್ನು ತಿರುಗಿಸಿದಾಗ ಒಳಗಿನ ಸುರುಳಿಯಾಕಾರದ ತೋಡೊಂದು ಸ್ಲೈಡರ್ ಎಂಬ ಸಣ್ಣ ತುಂಡನ್ನು ಹಿಂದೆಮುಂದೆ ಸರಿಸಿ, ಅದಕ್ಕೆ ಸಿಕ್ಕಿಸಿದ ಕೇಬಲನ್ನು ಎಳೆಯುತ್ತದೆ. ದಶಕಗಳ ಗ್ರೀಸ್ ಧೂಳಿನೊಡನೆ ಬೆರೆತು ಇಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಸುರುಳಿಯ ಅಂಚು ಸವೆದಿದ್ದರೆ ಬದಲಿಸಿ, ತೆಳ್ಳಗೆ ಹೊಸ ಗ್ರೀಸ್ ಸವರಿ ಜೋಡಿಸಿದ ಮೇಲೆ, ಗ್ರಿಪ್ ಬಿಟ್ಟೊಡನೆ ಎಂಜಿನ್ನಿನ ವೇಗ ತಾನಾಗಿ ಇಳಿಯಬೇಕು. ಇಳಿಯದಿದ್ದರೆ ಕೆಲಸ ಮುಗಿದಿಲ್ಲ.

ಈ ಕಸುಬಿನ ನಿಜವಾದ ಸೂಕ್ಷ್ಮ ಇರುವುದು ಕೇಬಲ್‌ನಲ್ಲಿ. ಹೊರಗೆ ಸುರುಳಿ ಉಕ್ಕಿನ ಕವಚ, ಒಳಗೆ ಸಣ್ಣ ಎಳೆಗಳನ್ನು ಹೊಸೆದ ತಂತಿ, ತಂತಿಯ ತುದಿಯಲ್ಲಿ ನಿಪ್ಪಲ್ ಎಂಬ ಹಿತ್ತಾಳೆಯ ಗುಂಡು: ಇಷ್ಟೇ ಅದರ ರಚನೆ. ಎಳೆಗಳು ತುಂಡಾಗುವುದು ಹೆಚ್ಚಾಗಿ ನಿಪ್ಪಲ್ಲಿನ ಬುಡದಲ್ಲಿ, ಏಕೆಂದರೆ ಲಿವರ್ ಒತ್ತಿದಾಗಲೆಲ್ಲ ನಿಪ್ಪಲ್ ತನ್ನ ಕುಳಿಯಲ್ಲಿ ಸುಲಭವಾಗಿ ಹೊರಳದಿದ್ದರೆ ತಂತಿ ಅದೇ ಜಾಗದಲ್ಲಿ ಬಾಗಿ ಬಾಗಿ ದಣಿಯುತ್ತದೆ. ಆದ್ದರಿಂದ ಆ ಕುಳಿಗೆ ಹಾಕುವ ಒಂದು ಚಿಟಿಕೆ ಗ್ರೀಸ್ ಇಡೀ ಕೇಬಲಿನ ಆಯುಸ್ಸನ್ನು ಕಾಯುತ್ತದೆ. ಅಳತೆಗೆ ಸರಿಯಾದ ಕೇಬಲ್ ಅಂಗಡಿಯಲ್ಲಿ ಸಿಗದಿದ್ದಾಗ, ಮೆಕ್ಯಾನಿಕ್ ತಂತಿಯನ್ನು ಕತ್ತರಿಸಿ, ತುದಿಯನ್ನು ನಿಪ್ಪಲ್ಲಿನ ರಂಧ್ರದಲ್ಲಿ ತೂರಿಸಿ, ಹೊರಬಂದ ಎಳೆಗಳನ್ನು ಹೂವಿನಂತೆ ಅರಳಿಸಿ, ಫ್ಲಕ್ಸ್ ಹಚ್ಚಿ, ಕರಗಿದ ಸೀಸ-ತವರದ ಬೆಸುಗೆಯಲ್ಲಿ ಅದ್ದಿ ತೆಗೆಯುತ್ತಾನೆ. ಅರಳಿದ ಎಳೆಗಳ ನಡುವೆ ಬೆಸುಗೆ ಪೂರ್ತಿ ಇಳಿದಿದ್ದರೆ ಎಷ್ಟು ಜಗ್ಗಿದರೂ ನಿಪ್ಪಲ್ ಕಳಚುವುದಿಲ್ಲ. ಶಾಖ ಹೆಚ್ಚಾದರೆ ಉಕ್ಕಿನ ಹದವೇ ಕೆಡುತ್ತದೆ. ಈ ಅಂದಾಜು ಕೈಗೆ ಬರುವುದು ಅಭ್ಯಾಸದಿಂದ ಮಾತ್ರ, ಮತ್ತು ಇದನ್ನು ಬಲ್ಲವರು ಕಡಿಮೆಯಾಗುತ್ತಿರುವುದು ಹಳೆಯ ಗಾಡಿಗಳ ಪಾಲಿಗೆ ದೊಡ್ಡ ನಷ್ಟ.

ಹಳೆಯ ಮಾದರಿಯ ಕೇಬಲ್‌ಗೆ ಎಣ್ಣೆ ಕುಡಿಸುವ ವಿಧಾನವೂ ಸರಳವೇ. ಕೇಬಲನ್ನು ಗೋಡೆಯ ಮೊಳೆಗೆ ಇಳಿಬಿಟ್ಟು, ಮೇಲಿನ ತುದಿಗೆ ಪ್ಲಾಸ್ಟಿಕ್ ಹಾಳೆಯ ಆಲಿಕೆ ಕಟ್ಟಿ, ತೆಳು ಎಣ್ಣೆ ಸುರಿದು, ಅದು ಕೆಳತುದಿಯಲ್ಲಿ ತೊಟ್ಟಿಕ್ಕುವವರೆಗೆ ಬಿಡುವುದು ವಾಡಿಕೆ. ಮೊದಲು ಕಪ್ಪು ಕೊಳೆ, ಆಮೇಲೆ ಕೆಂಪು ತುಕ್ಕು, ಕೊನೆಗೆ ತಿಳಿಯಾದ ಎಣ್ಣೆ ಇಳಿಯುತ್ತದೆ. ಒಳಗೆ ನೈಲಾನ್ ಪದರವಿರುವ ಹೊಸ ಕೇಬಲ್‌ಗಳಿಗೆ ಇದರ ಅಗತ್ಯ ಅಷ್ಟಾಗಿ ಇರುವುದಿಲ್ಲ.

ಕ್ಲಚ್ ಹೊಂದಾಣಿಕೆಯಲ್ಲಿ ಜಾವಾ-ಯೆಜ್ಡಿಗಳಿಗೆ ಒಂದು ವಿಶೇಷವಿದೆ. ಕಿಕ್ಕರ್ ಆಗಿಯೂ ಕೆಲಸ ಮಾಡುವ ಇವುಗಳ ಗೇರ್ ಪೆಡಲ್ಲನ್ನು ಒತ್ತಿದಾಗ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುವ ವ್ಯವಸ್ಥೆ ಇರುವುದರಿಂದ, ಮೊದಲು ಎಂಜಿನ್ ಬದಿಯ ಹೊಂದಾಣಿಕೆಯನ್ನು ಸರಿಪಡಿಸಿ, ಅನಂತರವೇ ಕೇಬಲ್ಲಿನ ಸಡಿಲವನ್ನು ನೋಡಬೇಕು. ಲಿವರಿನ ಬುಡದಲ್ಲಿ 2ರಿಂದ 3 ಮಿಲಿಮೀಟರಿನಷ್ಟು ಖಾಲಿ ಚಲನೆ, ಅಂದರೆ ಮೆಕ್ಯಾನಿಕ್‌ಗಳ ಮಾತಿನ ‘ಪ್ಲೇ’ ಉಳಿಸಬೇಕು. ಅದಿಲ್ಲದಿದ್ದರೆ ಕ್ಲಚ್ ಜಾರಿ ಪ್ಲೇಟುಗಳು ಸುಡುತ್ತವೆ, ಹೆಚ್ಚಾದರೆ ಗೇರ್ ಬೀಳುವಾಗ ಕಿರಿಗುಟ್ಟುತ್ತದೆ.

ಸ್ವಿಚ್‌ಗಳ ಬಗ್ಗೆ ಒಂದೇ ಮಾತು ಸಾಕು: ಹಲವು ಹಳೆಯ ಗಾಡಿಗಳಲ್ಲಿ ಹಾರ್ನಿನ ಅರ್ತ್ ಹ್ಯಾಂಡಲಿನ ಲೋಹದ ಮೂಲಕವೇ ಹರಿಯುವುದರಿಂದ, ಹೊಸ ಬಣ್ಣದ ಪದರವೊಂದೇ ಹಾರ್ನನ್ನು ಮೂಕವಾಗಿಸಬಲ್ಲದು; ಆದ್ದರಿಂದ ಕ್ಲ್ಯಾಂಪ್ ಕೂರುವ ಜಾಗವನ್ನು ಉಜ್ಜಿ ಲೋಹ ಕಾಣುವಂತೆ ಮಾಡಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ ಕ್ಲ್ಯಾಂಪಿನ ಬೋಲ್ಟ್‌ಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸವಾರ ಸೀಟಿನ ಮೇಲೆ ಕುಳಿತು ಕೈ ಚಾಚಿದಾಗ ಮುಂಗೈ ಮತ್ತು ಲಿವರ್ ಒಂದೇ ಗೆರೆಯಲ್ಲಿ ಬರುವಂತೆ ಲಿವರನ್ನು ಕೂರಿಸಬೇಕು. ಕೊನೆಯ ಪರೀಕ್ಷೆಯನ್ನು ಮಾತ್ರ ಯಾರೂ ಬಿಡಬಾರದು: ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್ಲಿನಲ್ಲಿ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಬೇಕು. ಎಂಜಿನ್ನಿನ ಸದ್ದು ಏರಿದರೆ ಎಕ್ಸಲರೇಟರ್ ಕೇಬಲ್ ಎಲ್ಲೋ ಬಿಗಿಯಾಗಿ ಎಳೆದುಕೊಳ್ಳುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಆ ಗಾಡಿಯನ್ನು ರಸ್ತೆಗೆ ಇಳಿಸಕೂಡದು. ದೂರದ ಊರಿಗೆ ಹೊರಡುವವರು ಎಣ್ಣೆ ಹಾಕಿದ ಒಂದು ಕ್ಲಚ್ ಕೇಬಲ್, ಒಂದು ಎಕ್ಸಲರೇಟರ್ ಕೇಬಲ್ ಮತ್ತು ಅವುಗಳನ್ನು ಬದಲಿಸಲು ಬೇಕಾದ ಸ್ಪ್ಯಾನರ್‌ಗಳನ್ನು ಟೂಲ್ ಬಾಕ್ಸಿನಲ್ಲಿ ತಪ್ಪದೆ ಇಟ್ಟುಕೊಳ್ಳಬೇಕು.