ಮ್ಯಾಡ್ರಿಡ್‌ನ ತಪ್ಪು, ಅಕಾಡೆಮಿಯ ಒಪ್ಪು

ಸ್ಪ್ಯಾನಿಷ್‌ನಲ್ಲಿ ‘ಅವನನ್ನು ನೋಡಿದೆ’ ಎನ್ನಲು ಬ್ಯೂನಸ್ ಐರಿಸ್‌ನವರು ‘ಲೊ ವಿ’ ಎನ್ನುತ್ತಾರೆ. ಮ್ಯಾಡ್ರಿಡ್‌ನ ಅನೇಕರ ಬಾಯಲ್ಲಿ ಅದು ‘ಲೆ ವಿ’. ವ್ಯಾಕರಣ ಹಿಡಿದು ನೋಡಿದರೆ ಮೊದಲನೆಯದೇ ಸರಿ. ‘ಲೊ’, ‘ಲಾ’ ದ್ವಿತೀಯಾ ವಿಭಕ್ತಿಯ ಸರ್ವನಾಮಗಳು. ‘ಲೆ’ ಚತುರ್ಥಿಯದು, ‘ಅವನಿಗೆ’, ‘ಅವಳಿಗೆ’ ಎರಡಕ್ಕೂ ಅದೊಂದೇ ರೂಪ. ಮ್ಯಾಡ್ರಿಡ್‌ನವರು ಹೇಳುವುದು ‘ಅವನಿಗೆ ನೋಡಿದೆ’ ಎಂದಂತೆ. (ನಮ್ಮಲ್ಲೂ ‘ಅವನಿಗೆ ಕರಿ’ ಎನ್ನುವವರು ಕಡಿಮೆಯೇನಿಲ್ಲ.)

ವಿಭಕ್ತಿ ಮರೆತದ್ದಕ್ಕೆ ಕಾರಣವಿದೆ. ಮ್ಯಾಡ್ರಿಡ್ ಸುತ್ತಲಿನ ಕಸ್ತೀಯ ಸೀಮೆಯ ಜನಕ್ಕೆ ಕರ್ಮ ಯಾವುದು, ಸಂಪ್ರದಾನ ಯಾವುದು ಎನ್ನುವುದಕ್ಕಿಂತ ಗಂಡೋ ಹೆಣ್ಣೋ ಎನ್ನುವುದು ಮುಖ್ಯವಾಯಿತು. ಗಂಡಿಗೆ ‘ಲೆ’, ಹೆಣ್ಣಿಗೆ ‘ಲಾ’ ಎಂದು ಹಂಚಿಬಿಟ್ಟರು. ಹಾಗಾಗಿ ‘ಅವಳಿಗೆ ಹೇಳಿದೆ’ ಎನ್ನಲು ‘ಲೆ ದಿಹೆ’ ಬದಲು ‘ಲಾ ದಿಹೆ’ ಹುಟ್ಟಿತು. ಎರಡೂ ಒಂದೇ ಊರಿನ, ಒಂದೇ ಬಗೆಯ ತಪ್ಪುಗಳು.

1713ರಲ್ಲಿ ಮ್ಯಾಡ್ರಿಡ್‌ನಲ್ಲೇ ಹುಟ್ಟಿದ ಸ್ಪ್ಯಾನಿಷ್ ಭಾಷೆಯ ರಾಯಲ್ ಅಕಾಡೆಮಿಗೆ ಇವು ಮನೆಬಾಗಿಲ ಮಾತು. ದೊಡ್ಡ ಲೇಖಕರೂ ‘ಲೆ’ ಬಳಸುತ್ತಿದ್ದರು. 1796ರ ವ್ಯಾಕರಣದಲ್ಲಂತೂ ಪುಲ್ಲಿಂಗಕ್ಕೆ ‘ಲೆ’ ಮಾತ್ರ ಸರಿ ಎಂದೇ ಅಕಾಡೆಮಿ ಬರೆಯಿತು! ಆಮೇಲೆ ಸಡಿಲಿಸಿತು. ಈಗಿನ ತೀರ್ಪು ವಿಚಿತ್ರ: ಒಬ್ಬ ಗಂಡಸಾದರೆ ‘ಲೆ ವಿ’ ನಡೆಯುತ್ತದೆ, ಪುಸ್ತಕವಾದರೆ ಇಲ್ಲ, ಇಬ್ಬರು ಗಂಡಸರಾದರೆ ‘ಲೆಸ್ ವಿ’ ಶಿಷ್ಟವಲ್ಲ. ‘ಲಾ ದಿಹೆ’ಗಂತೂ ಪ್ರವೇಶವೇ ಇಲ್ಲ. ತರ್ಕಕ್ಕಿಂತ ಪ್ರತಿಷ್ಠೆಯೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ.

ಉಪಸರ್ಗಗಳದ್ದೂ ಇದೇ ಕಥೆ. ನೀರು ತರಲು ಹೊರಟ ಸ್ಪೇನಿನವರು ‘ಆ’, ‘ಪೊರ್’ ಎರಡನ್ನೂ ಜೋಡಿಸಿ ‘ವೊಯ್ ಆ ಪೊರ್ ಆಗ್ವಾ’ ಎನ್ನುತ್ತಾರೆ. ಅಮೆರಿಕ ಖಂಡದವರಿಗೆ ‘ಪೊರ್’ ಒಂದೇ ಸಾಕು, ಜೋಡಿ ಕೇಳಿದರೆ ಕಿವಿಗೆ ಒರಟು. ಒಂದು ಕಾಲಕ್ಕೆ ಪಂಡಿತರು ಬೈದ ಈ ಜೋಡಿಗೂ ಈಗ ಅಕಾಡೆಮಿಯ ಮುದ್ರೆ ಬಿದ್ದಿದೆ. ‘ಪಿಯೆನ್ಸೊ ಕೆ’ (ಎಂದುಕೊಳ್ಳುತ್ತೇನೆ) ಎನ್ನುವಲ್ಲಿ ನಡುವೆ ‘ದೆ’ ಸೇರಿಸುವವರಿಗೆ ಮಾತ್ರ ಇನ್ನೂ ಬೈಗುಳ ತಪ್ಪಿಲ್ಲ. ಅದಕ್ಕೆ ಹೆದರಿ ‘ದೆ’ ಬೇಕಾದ ಕಡೆಯೂ ನುಂಗುವವರಿದ್ದಾರೆ, ಅದೂ ತಪ್ಪೇ.

ಮ್ಯಾಡ್ರಿಡ್‌ನ ಹೊರಗೂ ಇಂಥ ಒಪ್ಪಿಗೆ ಸಿಕ್ಕಿದ್ದುಂಟು. ಅರ್ಜೆಂಟೀನಾದವರು ‘ನೀನು’ ಎನ್ನಲು ‘ತು’ ಬಿಟ್ಟು ‘ವೊಸ್’ ಎನ್ನುತ್ತಾರೆ. ಶಾಲೆಯ ಮೇಷ್ಟ್ರುಗಳು ದಶಕಗಟ್ಟಲೆ ತಿದ್ದಿದರೂ ಜನ ಬಿಡಲಿಲ್ಲ. ಕೊನೆಗೆ 1982ರಲ್ಲಿ ಅಲ್ಲಿನ ಅಕಾಡೆಮಿಯೇ ಅದನ್ನು ಒಪ್ಪಿತು. ಸ್ಪ್ಯಾನಿಷ್‌ಗೆ ಇಂದು 23 ಅಕಾಡೆಮಿಗಳಿವೆ. ಸ್ಪೇನಿನವರು ಈ ಭಾಷೆ ಆಡುವವರಲ್ಲಿ ಸುಮಾರು ಹತ್ತರಲ್ಲೊಬ್ಬರು.

ಹೊಸದಾಗಿ ಕಲಿಯುವವರು ‘ಲೊ ವಿ’ಯನ್ನೇ ರೂಢಿ ಮಾಡಿಕೊಳ್ಳಿ, ಎಲ್ಲಿ ಹೋದರೂ ನಡೆಯುತ್ತದೆ. ‘ಲಾ ದಿಹೆ’ ಮಾತ್ರ ಪರೀಕ್ಷೆಯಲ್ಲಿ ಬರೆಯಬೇಡಿ.