ಕಡಲಾಚೆಯ ಕರೆ

ಅಗಲಿದವರಿಗೆ ಸುದ್ದಿ ಮುಟ್ಟಿಸುವ ಹಂಬಲ ಮನುಷ್ಯಜಾತಿಯಷ್ಟೇ ಹಳೆಯದು. ನಮ್ಮ ಪ್ರಾಚೀನ ಕವಿಗಳು ಹಂಸವನ್ನೂ ಗಿಳಿಯನ್ನೂ ಮೇಘವನ್ನೂ ದೂತರನ್ನಾಗಿಸಿ ಕಳುಹಿದರು. ಆ ದೂತರಲ್ಲಿ ಒಂದು ಕೊರತೆಯಿತ್ತು. ಅವು ಹೇಳಿದ ಮಾತನ್ನು ಒಯ್ಯಬಲ್ಲವಾಗಿದ್ದವು, ಹೇಳಿದವರ ಕಂಠವನ್ನು ಒಯ್ಯಲಾರದಾಗಿದ್ದವು. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಆ ಕೊರತೆಯನ್ನು ನೀಗಿಸಿದನು. ಗ್ರೀಕ್ ಭಾಷೆಯಲ್ಲಿ 'ಟೆಲಿ' ಎಂದರೆ ದೂರ, 'ಫೋನ್' ಎಂದರೆ ದನಿ. 'ದೂರವಾಣಿ' ಎಂಬ ನಮ್ಮ ಪದ ಅದರ ನೇರವಾದ ಪಡಿಯಚ್ಚು. ಆದರೂ ಮೂಲಕ್ಕಿಂತ ಇಂಪಾಗಿದೆಯೆಂದರೆ ಪಕ್ಷಪಾತವಾಗಲಾರದು.

ಇಂದು ಈ ನಾಡಿನ ಊರೂರುಗಳಲ್ಲಿ ಮಕ್ಕಳೋ ಮೊಮ್ಮಕ್ಕಳೋ ಹೊರದೇಶದಲ್ಲಿರುವ ಮನೆಗಳುಂಟು. ಕೊಲ್ಲಿ ದೇಶಗಳಲ್ಲಿ ದುಡಿಯುವವರು, ಅಮೆರಿಕದಲ್ಲಿ ವೈದ್ಯರೂ ಎಂಜಿನಿಯರರೂ ಆಗಿರುವವರು, ಇಂಗ್ಲೆಂಡಿನಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಓದುತ್ತಿರುವವರು ಹಲವರು. ಅವರ ತಂದೆತಾಯಿಗಳಿಗೆ ವಾರದ ಆ ಒಂದು ಕರೆಯೇ ಹಬ್ಬ. ಆದರೆ ಆ ಕರೆ ಬರುವುದನ್ನು ಕಾಯುವುದಷ್ಟೇ ಅನೇಕರಿಗೆ ಗೊತ್ತು. ತಾವೇ ಕರೆ ಮಾಡಬೇಕಾದಾಗ ಕೈ ಹಿಂಜರಿಯುತ್ತದೆ. ಮನೆಯಲ್ಲಿ ಯಜಮಾನರಿಗೆ ಎದೆನೋವು ಬಂದ ರಾತ್ರಿ, ಮಗನ ಸಂಖ್ಯೆ ಕೈಯಲ್ಲಿದ್ದರೂ ಅದರ ಮುಂದೆ ಏನನ್ನು ಒತ್ತಬೇಕೆಂದು ತಿಳಿಯದೆ ನೆರೆಮನೆಯ ಬಾಗಿಲು ತಟ್ಟುವ ತಾಯಂದಿರು ಇದ್ದಾರೆ. ಆದಕಾರಣ ಈ ವಿಷಯವನ್ನು ತುಸು ವಿವರವಾಗಿ ತಿಳಿಯುವುದು ಉಚಿತ.

ಮೊದಲು ಪೂರ್ವವೃತ್ತಾಂತ. ಭಾರತದಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದದ್ದು 1882ರಲ್ಲಿ. ಆದರೆ ದನಿ ಕಡಲು ದಾಟಲು ಬಹುಕಾಲ ಹಿಡಿಯಿತು. ತಂತಿಯ ಸಂಕೇತಗಳನ್ನು ಒಯ್ಯುವ ಕೇಬಲ್ 1866ರಲ್ಲಿಯೇ ಅಟ್ಲಾಂಟಿಕ್ ಸಾಗರದ ತಳದಲ್ಲಿ ಭದ್ರವಾಗಿ ನೆಲೆಗೊಂಡಿತ್ತು. ದನಿಯ ಸೂಕ್ಷ್ಮ ಏರಿಳಿತಗಳು ಮಾತ್ರ ಅಷ್ಟು ಉದ್ದದ ತಂತಿಯಲ್ಲಿ ಸಾಗುವಾಗ ಸವೆದು ಹೋಗುತ್ತಿದ್ದವು. ಹೀಗಾಗಿ ಮೊದಲು ಒದಗಿದ್ದು ರೇಡಿಯೋ. 1927ರ ಜನವರಿಯಲ್ಲಿ ಲಂಡನ್ ಮತ್ತು ನ್ಯೂಯಾರ್ಕುಗಳ ನಡುವೆ ರೇಡಿಯೋ ದೂರವಾಣಿ ಆರಂಭವಾಯಿತು. ಮೂರು ನಿಮಿಷದ ಮಾತಿಗೆ 15 ಪೌಂಡು. 1933ರಲ್ಲಿ ಮುಂಬಯಿಗೂ ಲಂಡನ್ನಿಗೂ ಅಂಥದೇ ಸಂಪರ್ಕ ಏರ್ಪಟ್ಟಿತು. ಆಕಾಶದ ಮೇಲ್ಪದರದಿಂದ ಪುಟಿದು ಬರುವ ಆ ಅಲೆಗಳು ಹಗಲು ರಾತ್ರಿಗಳಿಗೂ ಸೂರ್ಯನ ಕಲೆಗಳಿಗೂ ಅಧೀನ. ಮಾತು ಒಮ್ಮೆ ತೇಲುವುದು, ಒಮ್ಮೆ ಮುಳುಗುವುದು.

ಸಾಗರತಳದಲ್ಲಿ ದನಿಯನ್ನೇ ಒಯ್ಯುವ ಕೇಬಲ್ ಸ್ಕಾಟ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ 1956ರಲ್ಲಿ ಸಿದ್ಧವಾಯಿತು. ದಾರಿಯುದ್ದಕ್ಕೂ ಕಡಲಡಿಯಲ್ಲಿಯೇ ವರ್ಧಕಗಳನ್ನು ಜೋಡಿಸಿ, ಸವೆದ ದನಿಗೆ ಮತ್ತೆ ಮತ್ತೆ ಬಲ ತುಂಬುವ ಉಪಾಯವದು. ಅಷ್ಟೆಲ್ಲ ಸಾಹಸದ ಫಲವಾಗಿ ಏಕಕಾಲಕ್ಕೆ ಸಾಗಬಹುದಾಗಿದ್ದ ಸಂಭಾಷಣೆಗಳು 36. 1965ರಲ್ಲಿ 'ಅರ್ಲಿ ಬರ್ಡ್' ಎಂಬ ಉಪಗ್ರಹವು 240 ದೂರವಾಣಿ ಮಾರ್ಗಗಳನ್ನು ತೆರೆಯಿತು. ಪುಣೆಯ ಬಳಿಯ ಆರ್ವಿಯಲ್ಲಿ 1971ರಲ್ಲಿ ಭಾರತದ ಭೂಕೇಂದ್ರ ಆರಂಭವಾಯಿತು. ವಿಕ್ರಂ ಸಾರಾಭಾಯಿಯವರ ಹೆಸರನ್ನು ಅದಕ್ಕೆ ಇಡಲಾಗಿದೆ. ಅಲ್ಲಿಂದ ಹಿಂದೂ ಮಹಾಸಾಗರದ ಮೇಲಣ ಉಪಗ್ರಹದ ಮೂಲಕ ನಮ್ಮ ಮಾತು ಹೊರನಾಡುಗಳಿಗೆ ಹರಿಯತೊಡಗಿತು.

ಆ ಕಾಲದ ಕರೆಗಳಲ್ಲಿ ಒಂದು ವಿಚಿತ್ರವಿತ್ತು. ಈ ಕಡೆಯವರು "ಆರಾಮ ಇದ್ದೀಯಾ?" ಎಂದು ಕೇಳಿದ ಮೇಲೆ ಆ ಕಡೆ ಅರೆಗಳಿಗೆ ಮೌನ. ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಿದರೆ, ಅಷ್ಟರಲ್ಲಿ ಬಂದ ಉತ್ತರ ಆ ಕೂಗಿಗೆ ಡಿಕ್ಕಿ ಹೊಡೆಯುವುದು. ದೋಷ ಮಗನ ಪ್ರೀತಿಯದಲ್ಲ, ಬೆಳಕಿನ ವೇಗದ್ದು. ಭೂಮಿಯೊಡನೆ ಸಮವಾಗಿ ಸುತ್ತುವ ಉಪಗ್ರಹವು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿರುತ್ತದೆ. ಮೇಲೇರಿ ಕೆಳಗಿಳಿಯಲು ಮಾತಿಗೆ 70 ಸಾವಿರ ಕಿಲೋಮೀಟರಿಗೂ ಮಿಕ್ಕ ಹಾದಿ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುವ ಅಲೆಗೂ ಅದಕ್ಕೆ ಕಾಲು ಸೆಕೆಂಡು ಬೇಕು. ಉತ್ತರ ಹಿಂತಿರುಗಲು ಇನ್ನೊಂದು ಕಾಲು. ಅರ್ಧ ಸೆಕೆಂಡಿನ ಆ ಮೌನವನ್ನು ಅಸಮಾಧಾನವೆಂದು ಬಗೆದು ಕಣ್ಣೀರು ಹಾಕಿದವರು ಇರಲಿಕ್ಕೂ ಸಾಕು.

ಕರೆಯನ್ನು ಪಡೆಯುವ ಬಗೆಯೂ ಆಗ ಸುಲಭದ್ದಲ್ಲ. ವಿನಿಮಯ ಕೇಂದ್ರಕ್ಕೆ ಸಂಖ್ಯೆಯನ್ನು ತಿಳಿಸಿ ಕರೆಯನ್ನು ಕಾದಿರಿಸಬೇಕು. ಆಪರೇಟರು ಒಂದು ಕೇಂದ್ರದಿಂದ ಮತ್ತೊಂದಕ್ಕೆ ಕೊಂಡಿ ಕೂಡಿಸುತ್ತ ಹೋಗಬೇಕು. ಮನೆಮಂದಿ ಗಂಟೆಗಟ್ಟಲೆ ಉಪಕರಣದ ಸುತ್ತ ಕುಳಿತಿರಬೇಕು. ಹೆಸರಿಸಿದ ವ್ಯಕ್ತಿ ಸಿಕ್ಕರೆ ಮಾತ್ರ ಪೂರ್ಣ ಶುಲ್ಕ ತಗಲುವ 'ಪಿ.ಪಿ. ಕಾಲ್' ಎಂಬುದು ಬಡವರಿಗೆ ಅನುಕೂಲವಾಗಿತ್ತು. 1976ರಲ್ಲಿ ಮುಂಬಯಿಯಿಂದ ಲಂಡನ್ನಿಗೆ ಚಂದಾದಾರರೇ ನೇರವಾಗಿ ಸಂಖ್ಯೆ ತಿರುಗಿಸುವ ಐ.ಎಸ್.ಡಿ. ವ್ಯವಸ್ಥೆ ಬಂದಿತು. ಹೊರದೇಶದ ಸಂಪರ್ಕಗಳನ್ನು 1947ರಿಂದ ನೋಡಿಕೊಳ್ಳುತ್ತಿದ್ದ ಸರಕಾರಿ ಇಲಾಖೆ 1986ರಲ್ಲಿ ವಿದೇಶ ಸಂಚಾರ ನಿಗಮವಾಯಿತು. 2002ರಲ್ಲಿ ಅದು ಟಾಟಾ ಸಮೂಹದ ಕೈಸೇರಿತು. ಇದರ ನಡುವಿನ ವರ್ಷಗಳಲ್ಲಿ ತಾಲ್ಲೂಕು ಊರುಗಳ ಬಸ್ ನಿಲ್ದಾಣದ ಎದುರು ಎದ್ದ ಹಳದಿ ಫಲಕದ ಎಸ್.ಟಿ.ಡಿ. ಬೂತುಗಳನ್ನು ಮರೆಯುವಂತಿಲ್ಲ. ಗಾಜಿನ ಗೂಡಿನೊಳಗೆ ನಿಂತವರ ಕಿವಿ ಮಗನ ದನಿಯ ಕಡೆಗೆ, ಕಣ್ಣು ಏರುತ್ತಿದ್ದ ಕೆಂಪು ಅಂಕಿಗಳ ಕಡೆಗೆ. ಆ ಅಂಕಿಗಳಿಗೆ ಹೆದರಿ ಆಡದೆ ಉಳಿದ ಮಾತುಗಳ ಲೆಕ್ಕವನ್ನು ಯಾವ ಮೀಟರೂ ತೋರಿಸಲಿಲ್ಲ.

ಇನ್ನು ಸಂಖ್ಯೆಗಳ ವಿಚಾರ. ಪ್ರಪಂಚದ ದೇಶಗಳನ್ನು ಒಂಬತ್ತು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದು ದೇಶಕ್ಕೂ ಒಂದರಿಂದ ಮೂರು ಅಂಕಿಗಳವರೆಗಿನ ಸಂಕೇತವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ನಿಗದಿಪಡಿಸಿದೆ. 1865ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂಸ್ಥೆಯಿದು. ದೇಶದ ಸಂಕೇತವೂ ಸೇರಿ ಇಡೀ ಸಂಖ್ಯೆ 15 ಅಂಕಿಗಳನ್ನು ಮೀರುವಂತಿಲ್ಲ. ಆದ್ದರಿಂದ ದೂರವಾಣಿಗಳು ಹೆಚ್ಚಾಗಿರುವ ದೇಶಕ್ಕೆ ಚಿಕ್ಕ ಸಂಕೇತ ಲಾಭಕರ. ಅಮೆರಿಕ ಮತ್ತು ಕೆನಡಗಳಿಗೆ 1, ಅಂದಿನ ಸೋವಿಯತ್ ಒಕ್ಕೂಟಕ್ಕೆ 7 ದೊರೆತದ್ದು ಹೀಗೆ. ನಮ್ಮದು ಒಂಬತ್ತನೆಯ ವಲಯ: ಭಾರತ 91, ಪಾಕಿಸ್ತಾನ 92, ಶ್ರೀಲಂಕೆ 94. ಕೊಲ್ಲಿಯ ದೇಶಗಳೂ ಇದೇ ಕುಟುಂಬದವು: ಸೌದಿ ಅರೇಬಿಯ 966, ಒಮಾನ್ 968, ಸಂಯುಕ್ತ ಅರಬ್ ಸಂಸ್ಥಾನ 971, ಕತಾರ್ 974. ಇಂಗ್ಲೆಂಡ್ 44, ಆಸ್ಟ್ರೇಲಿಯ 61.

ಈ ಅಂಕಿಗಳನ್ನು ಜೋಡಿಸುವ ಕ್ರಮ ಹೆಚ್ಚಿನವರನ್ನು ತೊಡಕಿಗೆ ಸಿಕ್ಕಿಸುತ್ತದೆ. ಆದರೆ ಕನ್ನಡ ವ್ಯಾಕರಣದ ಮೂರು ಸಂಧಿಕಾರ್ಯಗಳನ್ನು ಶಾಲೆಯಲ್ಲಿ ಕಲಿತವರಿಗೆ ಇದು ಹೊಸದೇನಲ್ಲ. ಮೊದಲನೆಯದು ಆಗಮ. ಕರೆ ದೇಶದ ಎಲ್ಲೆಯನ್ನು ದಾಟಲಿದೆಯೆಂದು ಯಂತ್ರಕ್ಕೆ ತಿಳಿಸಲು ಸಂಖ್ಯೆಯ ಮುಂದೆ ಹೊಸದಾಗಿ ಕೆಲವು ಅಂಕಿಗಳು ಬಂದು ಸೇರಬೇಕು. ಭಾರತದಿಂದ ಹೊರಡುವ ಕರೆಗೆ ಅದು 00. ಅಮೆರಿಕದಿಂದ ಹೊರಡುವುದಕ್ಕೆ 011, ಆಸ್ಟ್ರೇಲಿಯಾದಿಂದ ಹೊರಡುವುದಕ್ಕೆ 0011. ಎರಡನೆಯದು ಲೋಪ. ಊರಿನ ಸಂಕೇತದ ಮೊದಲಲ್ಲಿರುವ ಸೊನ್ನೆಯು ದೇಶದೊಳಗಿನ ಕರೆಗಷ್ಟೇ ಬೇಕಾದದ್ದು. ದೇಶದ ಸಂಕೇತದೊಡನೆ ಕೂಡಿದಾಗ ಅದು ಬಿದ್ದು ಹೋಗಬೇಕು. ನಮ್ಮ ಸ್ವರಲೋಪದಲ್ಲಿ ಪೂರ್ವಪದದ ಕೊನೆ ಲೋಪವಾಗುತ್ತದೆ, ಇಲ್ಲಿ ಉತ್ತರಪದದ ಮೊದಲು, ಭೇದ ಅಷ್ಟೇ. ಧಾರವಾಡದ ಸಂಕೇತ 0836. ಅಮೆರಿಕದಿಂದ ಧಾರವಾಡದ ಮನೆಗೆ ಕರೆ ಮಾಡುವವರು 011, 91, 836, ಅನಂತರ ಮನೆಯ ಸಂಖ್ಯೆ, ಹೀಗೆ ಒತ್ತಬೇಕು. ಲಂಡನ್ನಿನ 020 ಎಂಬುದು ನಮ್ಮಿಂದ ಕರೆ ಮಾಡುವಾಗ 00, 44, 20 ಆಗುತ್ತದೆ. ಹೊರದೇಶದ ಕರೆ ಕೂಡದಿರಲು ಈ ಒಂದು ಸೊನ್ನೆಯೇ ಎಷ್ಟೋ ಸಲ ಕಾರಣ. ಪ್ರತಿ ನಿಯಮಕ್ಕೂ ಅಪವಾದವುಂಟೆಂಬುದು ವೈಯಾಕರಣರ ಅನುಭವ. ಇಲ್ಲಿಯೂ ಇಟಲಿ ದೇಶವು 1998ರಿಂದ ಸ್ಥಿರ ದೂರವಾಣಿಗಳ ಸೊನ್ನೆಯನ್ನು ಬಿಡದೆ ಉಳಿಸಿಕೊಂಡಿದೆ.

ಮೂರನೆಯದು ಆದೇಶ. ಕೈಫೋನಿನಲ್ಲಿ 00, 011, 0011 ಇವೆಲ್ಲವುಗಳ ಸ್ಥಾನದಲ್ಲಿ ಕೂಡಿಸುವ ಚಿಹ್ನೆ '+' ಒಂದೇ ಬರುತ್ತದೆ. ಸಾಮಾನ್ಯವಾಗಿ ಸೊನ್ನೆಯ ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿದರೆ ಅದು ಮೂಡುತ್ತದೆ. ಕೈಫೋನು ಯಾವ ದೇಶದಲ್ಲಿದ್ದರೂ ಆ ದೇಶಕ್ಕೆ ತಕ್ಕ ಅಂಕಿಗಳನ್ನು ಜಾಲವೇ ತುಂಬಿಕೊಳ್ಳುತ್ತದೆ. ಆದಕಾರಣ ಎಲ್ಲ ಸಂಖ್ಯೆಗಳನ್ನೂ, ನಮ್ಮ ಊರಿನವರದನ್ನೂ ಸಹ, '+91' ಸಹಿತವಾಗಿಯೇ ಬರೆದಿಟ್ಟುಕೊಳ್ಳುವುದು ಜಾಣತನ. ಮೊಮ್ಮಗುವಿನ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಅಜ್ಜಿ ಅಲ್ಲಿಂದ ಊರಿಗೆ ಕರೆ ಮಾಡಲು ಹೊಸದೇನನ್ನೂ ಕಲಿಯಬೇಕಾಗುವುದಿಲ್ಲ. ನಮ್ಮ ಕಡೆಯ ದೂರವಾಣಿಯಿಂದ ಹೊರದೇಶಕ್ಕೆ ಕರೆ ಮಾಡಲು ಐ.ಎಸ್.ಡಿ. ಸೌಲಭ್ಯ ಚಾಲನೆಯಲ್ಲಿರಬೇಕು. ಅದು ಇದೆಯೋ ಇಲ್ಲವೋ ಎಂಬುದನ್ನು ಆಪತ್ತಿನ ರಾತ್ರಿ ಅಲ್ಲ, ಆರಾಮವಾಗಿರುವ ಹಗಲಿನಲ್ಲಿ ವಿಚಾರಿಸಿಕೊಳ್ಳಬೇಕು.

ವೇಳೆಯ ಅಂತರವನ್ನೂ ಗಮನಿಸಬೇಕು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ನ್ಯೂಯಾರ್ಕ್ ಹತ್ತೂವರೆ, ಕ್ಯಾಲಿಫೋರ್ನಿಯ ಹದಿಮೂರೂವರೆ. ಬೇಸಗೆಯಲ್ಲಿ ಆ ದೇಶಗಳು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಒಂದು ಗಂಟೆ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಮಾರ್ಚಿಯ ಎರಡನೆಯ ಭಾನುವಾರ, ಇಂಗ್ಲೆಂಡಿನಲ್ಲಿ ಅದೇ ತಿಂಗಳ ಕೊನೆಯ ಭಾನುವಾರ ಈ ಬದಲಾವಣೆ. ದುಬೈ ಮಾತ್ರ ವರ್ಷವಿಡೀ ಒಂದೂವರೆ ಗಂಟೆಯಷ್ಟೇ ಹಿಂದೆ. ನಮ್ಮಲ್ಲಿ ಬೆಳಗಿನ ಪೂಜೆ ಮುಗಿದು ಏಳು ಗಂಟೆಯಾದಾಗ ನ್ಯೂಯಾರ್ಕಿನಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆಯೋ ಒಂಬತ್ತೂವರೆಯೋ ಆಗಿರುತ್ತದೆ. ಎರಡೂ ಕಡೆಯವರಿಗೆ ಒದಗುವ ಹೊತ್ತು ಅದೇ.

ಈಗ ಮಾತು ಸಾಗುವ ದಾರಿಯೂ ಬದಲಾಗಿದೆ. ಗಾಜಿನ ಎಳೆಗಳಲ್ಲಿ ಬೆಳಕಿನ ರೂಪದಲ್ಲಿ ಮಾತನ್ನು ಒಯ್ಯುವ ಮೊದಲ ಅಟ್ಲಾಂಟಿಕ್ ಕೇಬಲ್ 1988ರಲ್ಲಿ ಬಂದಾಗ, 36 ಸಂಭಾಷಣೆಗಳಿದ್ದ ಸಾಗರದಲ್ಲಿ ಸುಮಾರು 40 ಸಾವಿರಕ್ಕೆ ಎಡೆಯಾಯಿತು. ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ ಅಂಕಿಯಾಗಿಸಿ ಕಳಿಸುವ ವಿಧಾನವದು. ಹಳೆಯ ದೂರವಾಣಿಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳಿಗೆ ಮಾತ್ರ ಪ್ರವೇಶ. ಸಕಾರದ ಸಿಳ್ಳು ಬಹುಪಾಲು ಅದಕ್ಕಿಂತ ಮೇಲಿನದಾದ್ದರಿಂದ, ಇಂಗ್ಲಿಷಿನ 'ಎಸ್' ಮತ್ತು 'ಎಫ್' ಅಕ್ಷರಗಳು ಫೋನಿನಲ್ಲಿ ಒಂದೇ ಆಗಿ ಕೇಳುತ್ತಿದ್ದವು. ಉಚ್ಚಾರಣೆಯನ್ನು ತಿದ್ದುವ ಉಪಾಧ್ಯಾಯರು ಇದನ್ನು ನಾಲಗೆಯ ತಪ್ಪೆಂದು ಬಗೆಯಬಾರದು.

2002ರಲ್ಲಿ ಭಾರತ ಸರಕಾರವು ಅಂತರ್ಜಾಲದ ಮೂಲಕ ಮಾತನಾಡಲು ಅನುಮತಿಯಿತ್ತ ಮೇಲೆ ವೆಚ್ಚದ ಅಂಜಿಕೆ ಕ್ರಮೇಣ ಇಳಿಯಿತು. ವಾಟ್ಸ್ಆ್ಯಪ್ ಮೊದಲಾದವುಗಳಿಂದ ಮಾತು ಮಾತ್ರವಲ್ಲ, ಮುಖದರ್ಶನವೂ ಲಭಿಸುತ್ತಿದೆ. ಆದರೆ ಅವು ಅಂತರ್ಜಾಲವನ್ನು ನೆಚ್ಚಿಕೊಂಡವು. ಕೆಲವು ದೇಶಗಳಲ್ಲಿ ಅವುಗಳ ಕರೆಗಳಿಗೆ ನಿರ್ಬಂಧವೂ ಉಂಟು. ಸಾವು ನೋವಿನ ಸುದ್ದಿಯನ್ನು ಮುಟ್ಟಿಸುತ್ತಿದ್ದ ತಂತಿ ಸೇವೆ 2013ರಲ್ಲಿ ನಿಂತುಹೋಯಿತು. ಅಂತರ್ಜಾಲ ಕೈಕೊಟ್ಟಾಗ ನೇರ ಸಂಖ್ಯೆಯ ಕರೆಯೇ ಗತಿ.

ವೆಚ್ಚ ಇಳಿದದ್ದು ಸಜ್ಜನರಿಗಷ್ಟೇ ಅಲ್ಲ, ವಂಚಕರಿಗೂ ಇಳಿಯಿತು. ಅಪರಿಚಿತ ಹೊರದೇಶದ ಸಂಖ್ಯೆಯಿಂದ ಒಮ್ಮೆ ಗಂಟೆ ಬಾರಿಸಿ ಕಡಿಯುವುದು, ಕುತೂಹಲದಿಂದ ಮರಳಿ ಕರೆದವರಿಂದ ದುಬಾರಿ ಶುಲ್ಕ ಎಳೆಯುವುದು ಒಂದು ಬಗೆ. ಹೊರದೇಶದಿಂದ ಬರುವ ಕರೆಗೆ '+91'ರ ಮುಸುಕು ಹಾಕಿ, ಊರಿನದೇ ಸಂಖ್ಯೆಯೆಂದು ತೋರಿಸುವುದು ಇನ್ನೊಂದು. ಇಂಥ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ 2024ರಲ್ಲಿ ಜಾರಿಗೆ ತಂದಿದೆ. ಮಗ ಪರದೇಶದಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಕೂಡಲೇ ಹಣ ಕಳಿಸಿರಿ ಎನ್ನುವ ದನಿಗೆ ನಡುಗದ ಹೆತ್ತಕರುಳಿಲ್ಲ. ಆ ನಡುಕವೇ ವಂಚಕರ ಬಂಡವಾಳ. ಅಂಥ ಹೊತ್ತಿನಲ್ಲಿ ಮಾಡತಕ್ಕದ್ದು ಒಂದೇ: ಫೋನನ್ನು ಕೆಳಗಿಟ್ಟು, ತಮ್ಮಲ್ಲಿ ಬರೆದಿಟ್ಟ ಸಂಖ್ಯೆಗೆ ತಾವೇ ಕರೆ ಮಾಡಿ ಮಗನ ದನಿಯನ್ನು ಕೇಳುವುದು. ಸಂಘಸಂಸ್ಥೆಗಳ ಹೆಸರು ಹೇಳಿ ದೇಣಿಗೆ ಕೇಳುವ ಕರೆಗಳಿಗೂ ಈ ಮಾತು ಸಲ್ಲುತ್ತದೆ. ದಾನಿಗಳು ಸಂಸ್ಥೆಯ ಕಚೇರಿಗೆ ತಾವಾಗಿಯೇ ವಿಚಾರಿಸದೆ ಹಣ ರವಾನಿಸಬಾರದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು.

ಇಷ್ಟಕ್ಕೂ ಬೇಕಾದ ಸಾಧನ ಬಹು ಚಿಕ್ಕದು. ಹೊರದೇಶದಿಂದ ರಜೆಗೆ ಬಂದ ಮಕ್ಕಳು ಹೊರಡುವ ಮುನ್ನ ಒಂದು ರಟ್ಟಿನ ಮೇಲೆ ತಮ್ಮ ಸಂಖ್ಯೆಯನ್ನೂ, ಅಲ್ಲಿಯ ನೆರೆಯವರೋ ಗೆಳೆಯರೋ ಆದ ಇನ್ನೊಬ್ಬರ ಸಂಖ್ಯೆಯನ್ನೂ ದಪ್ಪ ಅಂಕಿಗಳಲ್ಲಿ ಬರೆದು, ಸ್ಥಿರ ದೂರವಾಣಿಯಿದ್ದರೆ 00 ಹಚ್ಚಿ, ಕೈಫೋನಿಗೆ '+' ಹಚ್ಚಿ, ಗೋಡೆಗೆ ತಗುಲಿಹಾಕಬೇಕು. ಬರೆದರಷ್ಟೇ ಸಾಲದು. ತಾಯಿಯ ಕೈಯಿಂದಲೇ ಒಮ್ಮೆ ಅಷ್ಟೂ ಅಂಕಿಗಳನ್ನು ಒತ್ತಿಸಿ, ಪಕ್ಕದ ಕೋಣೆಯಲ್ಲಿಟ್ಟ ತಮ್ಮ ಫೋನು ದನಿಗೊಡುವುದನ್ನು ಅವರಿಗೆ ಕೇಳಿಸಿ ಹೊರಡಬೇಕು.